ಕಮಲಾಪುರದ ಪಿಯಾನೋ ಬಾಯಿ

ಎಂಬತ್ತರ ದಶಕದಲ್ಲಿ ಅಪ್ಪನಿಗೆ ಕಮಲಾಪುರದ ಬ್ಯಾಂಕಿಗೆ ವರ್ಗವಾದಾಗ ಅಜ್ಜಿ ಕಲಬುರಗಿಯ ಗಾಜಿಪುರದ ಮನೆ ಬಿಟ್ಟು ಬರಲು ಒಂದೇ ಕರಾರು ಹಾಕಿದಳು. ಬಾವಿ ಇರುವ ಮನೆ ಆಗಬೇಕು, ಮಡಿ ನೀರಿಗೆ ನಳ ನಡೆಯುವುದಿಲ್ಲ. ಅಪ್ಪ ಬಾವಿಯ ಮನೆ ಹುಡುಕಿದ. ಕಂಪೌಂಡಿನ ಆಚೆ ಒಬ್ಬ ಅಮೆರಿಕದ ಮುದುಕಿ ಇದ್ದಾಳೆ ಅನ್ನುವುದನ್ನು ಮಾತ್ರ ಸಾಮಾನು ಇಳಿಸಿ ಆಗುವ ತನಕ ಹೇಳಲಿಲ್ಲ.

ಊರವರು ಆಕೆಯನ್ನು ಪಿಯಾನೋ ಬಾಯಿ ಅನ್ನುತ್ತಿದ್ದರು. ಆಕೆಯ ಅಕ್ಕ ಮಿಷನ್ ದವಾಖಾನೆಯ ಡಾಕ್ಟರಾಗಿದ್ದಳು. ಅಕ್ಕನನ್ನು ನೋಡಿ ಹೋಗುತ್ತೇನೆಂದು ಬಂದ ತಂಗಿ, ಅಕ್ಕ ತೀರಿಕೊಂಡ ಮೇಲೂ ಹೋಗಿರಲಿಲ್ಲ. ಯಾಕೆಂದು ಕೇಳಿದರೆ, "ಪಿಯಾನೋ ಎತ್ತಾವ್ರು ಯಾರು?" ಅನ್ನುತ್ತಿದ್ದಳು. ಕನ್ನಡವನ್ನು ದವಾಖಾನೆಯ ಆಯಾಗಳಿಂದ, ಬಾಳೆ ತೋಟದ ಹೆಣ್ಣುಮಕ್ಕಳಿಂದ ಕಲಿತಿದ್ದಳು. ಮೊದಲ ದಿನ ಅಪ್ಪ ಇಂಗ್ಲಿಷಿನಲ್ಲಿ ಕುಶಲ ಕೇಳಿದ್ದಕ್ಕೆ ಆಕೆ, "ಏನ್ ಬಿಸಲೋ ಯಪ್ಪಾ, ಮಿದುಳು ಕುದ್ದು ಸಾರಾಗ್ಯಾದ" ಅಂದಳು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಪುಸ್ತಕದ ಕನ್ನಡ ಆಡುವ ನಾವು ಹೌಹಾರಿದೆವು. ಅಮೆರಿಕದವಳ ಕನ್ನಡ ನಮ್ಮದಕ್ಕಿಂತ ಖಡಕ್ಕಾಗಿತ್ತು.

ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಸ್ಟೀಲ್ ಪಾತ್ರೆಗಳು ಮೆಟ್ಟಿಲ ಮೇಲಿಂದ ಉರುಳಿದ ಸದ್ದು ಬಂತು. ಆದರೆ ಎಲ್ಲವೂ ಶಿಸ್ತಿನಿಂದ, ಒಂದರ ಹಿಂದೆ ಒಂದು ಉರುಳುತ್ತಿದ್ದವು. ನಾನು ಗೋಡೆ ಹತ್ತಿ ಕೂತೆ. ಬಾಯಿ ಕಿಟಕಿಯಿಂದ ಇಣುಕಿದಳು.

"ಗ್ವಾಡಿ ಮ್ಯಾಗ ಕುಂತ್ರ ಸುಮಾರ್ ಕೇಳಸ್ತದ. ಒಳಗ ಬಾ."

ಹೀಗೆ ನನ್ನ ಪಾಠ ಶುರುವಾಯಿತು. ಪಿಯಾನೋದಲ್ಲಿ ಬೆರಳಿನಿಂದ ಒತ್ತುವ ಬಿಳಿ ಮನೆಗಳು ಆನೆಯ ದಂತದವು ಎಂದು ನಾನೇ ಹೆಮ್ಮೆಯಿಂದ ಅಜ್ಜಿಗೆ ಹೇಳಿ ಕೆಟ್ಟೆ. "ಅಂದರ ಎಲುಬು ಮುಟ್ಟಿ ಬಂದಿ. ಬಾವಿಕಟ್ಟಿಗೆ ನಡಿ" ಅಂದಳು. ಅಂದಿನಿಂದ ಪ್ರತಿ ಪಾಠದ ಮೇಲೊಂದು ತಣ್ಣೀರ ಝಳಕ. ಆ ಚಳಿಗಾಲದಲ್ಲಿ ಇಡೀ ತಾಲೂಕಿನಲ್ಲಿ ನನ್ನಷ್ಟು ಸ್ವಚ್ಛ ಹುಡುಗಿ ಇರಲಿಲ್ಲ, ನನ್ನಷ್ಟು ನೆಗಡಿಯವಳೂ ಇರಲಿಲ್ಲ.

ಮೂಗು ಸೋರಿಸಿಕೊಂಡು ಪಾಠಕ್ಕೆ ಹೋದ ನನ್ನನ್ನು ಕೇಳಿ ಬಾಯಿ ಕಾರಣ ತಿಳಿದುಕೊಂಡಳು. ಸೀದಾ ನಮ್ಮ ಹಿತ್ತಲಿಗೆ ಬಂದು, ಮಡಿಗೆ ತಾಗದಷ್ಟು ದೂರದಲ್ಲಿ ನಿಂತಳು.

"ಆಯೀ, ಕರೀ ಮನಿ ಕಟಿಗೀವು. ಬರೀ ಕರೀವು ನುಡಸಿದ್ರ ಝಳಕ ಬೇಕೇನ್ರಿ?"

ಅಜ್ಜಿ ಹೂವು ಬಿಡಿಸುವುದನ್ನು ನಿಲ್ಲಿಸಿ ಗಂಭೀರವಾಗಿ ವಿಚಾರ ಮಾಡಿದಳು. "ಕಟಿಗಿ ಆದರ ಅಡ್ಡಿ ಇಲ್ಲ."

ಚಳಿ ಮುಗಿಯುವ ತನಕ ನಾನು ಕಲಿತದ್ದೆಲ್ಲ ಕರಿ ಮನೆಗಳ ಮೇಲೆಯೇ. ಅವನ್ನಷ್ಟೇ ಒತ್ತಿದರೆ ಭೂಪ ರಾಗ ಬರುತ್ತದೆ ಎಂದು ಕಂಡುಹಿಡಿದವಳು ಅಜ್ಜಿ. ನಾನು ಆ ಕಡೆ ಬಾರಿಸುವಾಗ ಈ ಕಡೆ ಬಾವಿಕಟ್ಟೆಯಿಂದ ದೇವರನಾಮ ಕೇಳಬರುತ್ತಿತ್ತು. ಬಾಯಿ ತಲೆದೂಗಿ, "ನಿಮ್ಮಜ್ಜಿ ತಾಳ ತಪ್ಪೂದಿಲ್ಲ, ನೀ ತಪ್ಪತೀ" ಅನ್ನುತ್ತಿದ್ದಳು.

ಬೆರಳು ನೋಯುತ್ತವೆ ಎಂದು ನಾನು ಅತ್ತಾಗ ಬಾಯಿ ತನ್ನ ಜೊತೆ ಕಲಿತವರ ಕಥೆ ಹೇಳುತ್ತಿದ್ದಳು. ಅಮೆರಿಕದವರಿಗೆ ಸಂಗೀತ ಬರುವುದಿಲ್ಲ ಎಂದು ಅವರಿಗೆ ಪಾಠ ಹೇಳುವ ಯುರೋಪಿನ ಗುರುವೇ ದಿನಾ ಬೈಯುತ್ತಿದ್ದನಂತೆ. ಒಬ್ಬಾಕೆ ಹಲ್ಲಿನ ಡಾಕ್ಟರನ್ನು ಮದುವೆಯಾದಳು. ಅವಳ ಪಿಯಾನೋ ಗಂಡನ ಫೋಟೋ ಇಡುವ ಮೇಜಾಯಿತು. ಒಬ್ಬ ಹೋಟೆಲಿನಲ್ಲಿ, ಮಂದಿ ಉಣ್ಣುವಾಗ ನುಡಿಸಿ ಹೊಟ್ಟೆ ಹೊರೆದ. ಇನ್ನೊಬ್ಬ ನಿಜಕ್ಕೂ ದೊಡ್ಡ ಹೆಸರು ಮಾಡಿದ.

"ಆ ಭಾಡ್ಯಾ ಪ್ರತೀ ಕಚೇರಿ ಮೊದಲ ವಾಂತಿ ಮಾಡ್ಕೋತಿದ್ದ. ಮಂದಿ ಅವನ ಕೈ ನೋಡಿದ್ರು, ನಾವು ಬಾಲ್ದಿ ನೋಡೀವಿ."

"ಮತ್ತ ನೀವು?"

"ನಾ ಬಾಳೆಹಣ್ಣು ತಿನ್ನಾಕ ಬಂದೆ" ಅಂದು ಕೆಂಪು ಬಾಳೆಹಣ್ಣೊಂದನ್ನು ಸುಲಿದಳು.

ಒಂದು ವರ್ಷ ಕಲಬುರಗಿಯ ಸಂಗೀತ ಮಂಡಳಿಯೊಂದಕ್ಕೆ ಈಕೆಯ ಸುದ್ದಿ ಹೋಯಿತು. ಕಾರ್ಯದರ್ಶಿ ಬಂದು ಕಚೇರಿ ಕೊಡಲೇಬೇಕೆಂದು ಪಟ್ಟು ಹಿಡಿದ. ಬಾಯಿ ಬೇಡ ಬೇಡ ಅಂದು, ಆಮೇಲೆ ಯಾಕೋ ಹೂಂ ಅಂದಳು. ಬಾಳೆಗೊನೆ ಸಾಗಿಸುವ ಲಾರಿಯಲ್ಲಿ ಹುಲ್ಲು ಹಾಸಿ ಪಿಯಾನೋ ಹೊರಟಿತು. ಸಭಾಗೃಹ ಮುಟ್ಟುವ ಹೊತ್ತಿಗೆ ಅದರ ಶ್ರುತಿ ದಾರಿಯ ಗುಂಡಿಗಳ ಪಾಲಾಗಿತ್ತು. ಹಾರ್ಮೋನಿಯಂ ರಿಪೇರಿ ಮಾಡುವ ಸಾಹೇಬರೊಬ್ಬರು ಬಂದು ಸಂಜೆಯ ತನಕ ತಂತಿ ಬಿಗಿದು ಕೈಚೆಲ್ಲಿದರು.

"ಅಮ್ಮಾ, ದೋ ಸುರ್ ರೂಠ್ಕೋ ಬೈಠೇ. ಮನಾಯಾ, ನೈ ಮಾನೇ."

"ಎರಡು ಸ್ವರ ಮುನಿಸ್ಕೊಂಡಾವೇನು? ಕುಂದರ್ಲಿ ಬಿಡ್ರಿ" ಅಂದಳು ಬಾಯಿ.

ಸಭೆ ತುಂಬಿತ್ತು. ಬಾಯಿ ಬಿಳಿ ಸೀರೆ ಉಟ್ಟು ಕೂತು, ಒಂದು ಉದ್ದನೆಯ ಕೃತಿ ಎತ್ತಿಕೊಂಡಳು. ನಾನು ಪಕ್ಕದ ಸ್ಟೂಲಿನ ಮೇಲಿದ್ದೆ. ಅವಳ ಕೈ ಅಷ್ಟು ಜೋರಾಗಿ ಓಡುವುದನ್ನು ನಾನೂ ಮೊದಲು ಕಂಡಿರಲಿಲ್ಲ. ಅರ್ಧ ದಾಟಿದ ಮೇಲೆ ಕೈ ಗಪ್ಪನೆ ನಿಂತವು. ಅವಳು ಮನೆಗಳನ್ನು ನೋಡುತ್ತಿದ್ದ ರೀತಿ ಯಾರದೋ ಊರಿನಲ್ಲಿ ಬಸ್ಸಿಳಿದವಳ ಹಾಗಿತ್ತು.

ಅಷ್ಟರಲ್ಲಿ ಮುಂದಿನ ಸಾಲಿನ ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಎಲ್ಲರೂ ತಟ್ಟಿದರು. ಕಾರ್ಯದರ್ಶಿ ಓಡಿ ಬಂದು ಸೇವಂತಿಗೆಯ ಹಾರ ಹಾಕಿ, ಶಾಲು ಹೊದಿಸಿ, ಇದೊಂದು ಅಪೂರ್ವ ರಸಾನುಭವ ಎಂದು ಭಾಷಣವನ್ನೂ ಶುರು ಮಾಡಿದ. ಹಿಂದಿನ ಸಾಲಿನವರು ಚಹಾಕ್ಕೆ ಎದ್ದರು. ಬಾಯಿ ಅವನ ಕೈಯಿಂದ ಮೈಕು ಕಸಿದುಕೊಂಡಳು.

"ಇನ್ನಾ ಮುಗದಿಲ್ಲ, ಕುಂದರ್ರಿ. ಮರ್ತೀನಿ, ಅಷ್ಟೇ. ನೆನಪಾಗೋತನ ಬ್ಯಾರೆ ಏನರೆ ನುಡಸ್ತೀನಿ."

ಜನ ನಕ್ಕರು, ಕೂತರು. ಅವಳು ಕರಿ ಮನೆಗಳ ಮೇಲೆ ಭೂಪ ಎತ್ತಿಕೊಂಡು, ಹೆಂಗಸರ ಸಾಲಿನಲ್ಲಿದ್ದ ಅಜ್ಜಿಗೆ ಹಾಡಲು ಸನ್ನೆ ಮಾಡಿದಳು. ಅಜ್ಜಿ ಅಷ್ಟೂ ಜನರ ಮುಂದೆ, "ಮಡೀಲಿಲ್ಲ, ಆಗೂದಿಲ್ಲ" ಅಂದುಬಿಟ್ಟಳು. ಮತ್ತೆ ನಗು. ಬಾಯಿ ಒಬ್ಬಳೇ ನುಡಿಸುತ್ತ ಹೋದಳು. ಒಂದು ಗಳಿಗೆಗೆ ಆಕೆಯ ಮುಖ ಅರಳಿತು, ಬೆರಳು ತಿರುಗಿ ಮೊದಲಿನ ಕೃತಿಗೆ ಜಿಗಿದವು. ಕೊರಳಿನ ಹಾರದ ಹೂವು ಉದುರಿ ಮನೆಗಳ ಮೇಲೆ ಬೀಳುತ್ತಿದ್ದರೂ ನಿಲ್ಲಿಸದೆ ಕೊನೆಯ ತನಕ ನುಡಿಸಿದಳು.

ತಿರುಗಿ ಬರುವಾಗ ಜೀಪಿನಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು. ಹರೆಯದಲ್ಲಿ, ಅಮೆರಿಕದ ದೊಡ್ಡದೊಂದು ಸಭಾಗೃಹದಲ್ಲಿ ಹೀಗೇ ಮರೆತಿದ್ದಳಂತೆ. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೆಮ್ಮಲಿಲ್ಲ, ಸುಮ್ಮನೆ ಕಾದರು. ಆಕೆ ಎದ್ದು ಹಿಂಬಾಗಿಲಿನಿಂದ ಹೊರಗೆ ನಡೆದಳು. ಗುರು ಮತ್ತೆ ಮಾತಾಡಿಸಲಿಲ್ಲ. ಅದಾದ ಮೇಲೆಯೇ ಅಕ್ಕನನ್ನು ನೋಡುವ ನೆವ ಹುಟ್ಟಿದ್ದು.

"ಅಲ್ಲಿ ಮಂದಿಗಿ ಸಂಗೀತ ಗೊತ್ತಿತ್ತು ನೋಡ್ರಿ, ಅದೇ ತಾಪತ್ರಯ" ಅಂದಳು.

ಅಜ್ಜಿ, "ನಾನೂ ಪೂಜಿ ನಡುವ ಮಂತ್ರ ಮರೀತೀನಿ ಬಾಯಿ. ಏನರೆ ಗುಣುಗುಣು ಅಂತೀನಿ. ದೇವರಿಗೆ ಗೊತ್ತಾಗೂದಿಲ್ಲ" ಅಂದಳು. ಅಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿದ. ಮನೆಯಲ್ಲಿ ಆ ಮಾತನ್ನು ಅವನು ಎಂದೂ ಕೇಳಿರಲಿಲ್ಲ.

ಅಪ್ಪನಿಗೆ ಮತ್ತೆ ಕಲಬುರಗಿಗೆ ವರ್ಗವಾದ ಮೇಲೂ ಭಾನುವಾರ ಬಸ್ಸಿನಲ್ಲಿ ಪಾಠಕ್ಕೆ ಹೋಗುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಬಾಯಿ ತೀರಿಕೊಂಡಳು. ಅಕ್ಕನ ಮಗ್ಗುಲಲ್ಲೇ ಮಣ್ಣು ಮಾಡಿದರು. ಅಜ್ಜಿ ಬಂದು ದೂರ ನಿಂತು ನೋಡಿ, ಮನೆಗೆ ಹೋಗಿ ತಾನೂ ಝಳಕ ಮಾಡಿದಳು. ಆ ದಿನ ಉಣ್ಣಲಿಲ್ಲ.

ಎರಡು ಸಾವಿರದ ನಂತರ, ನಾನು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದ ಕಾಲಕ್ಕೆ, ಅಮೆರಿಕದ ಸಂಶೋಧಕನೊಬ್ಬ ಬಂದ. ಮರೆತುಹೋದ ಪಿಯಾನೋ ವಾದಕರ ಬಗ್ಗೆ ಪುಸ್ತಕ ಬರೆಯುತ್ತಿದ್ದನಂತೆ. ಬಾಯಿಯ ಪರಂಪರೆ ಏನುಳಿದಿದೆ ಎಂದು ಕೇಳಿದ. ನನ್ನನ್ನೇ ತೋರಿಸಿಕೊಳ್ಳಲು ಧೈರ್ಯವಾಗದೆ ಕಮಲಾಪುರದ ಚರ್ಚಿಗೆ ಕರೆದುಕೊಂಡು ಹೋದೆ. ಪಿಯಾನೋ ಈಗ ಅಲ್ಲಿತ್ತು. ಆರಾಧನೆ ಶುರುವಾಗಿತ್ತು. ಪಾಸ್ಟರರ ಹೆಂಡತಿ ನುಡಿಸುತ್ತಿದ್ದರು, ಸಭೆ ಏದುಸಿರು ಬಿಡುತ್ತ ಹಾಡುತ್ತಿತ್ತು. ಭಜನೆಗೀತೆಗಳು ಬೇಸರವೆಂದು ಬಾಯಿ ಜೀವಮಾನವಿಡೀ ಅವನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿ, ಅವರಿಗೂ ಹಾಗೇ ಕಲಿಸಿದ್ದಳು.

ಮುಗಿದ ಮೇಲೆ ಆತ, ಈ ಗೀತೆಗಳನ್ನು ನಿಧಾನ ಹಾಡಬೇಕಲ್ಲವೇ ಎಂದು ಕೇಳಿದ. ಅದನ್ನು ನಾನು ನುಡಿಸಿದವರಿಗೆ ಕನ್ನಡದಲ್ಲಿ ಹೇಳಿದೆ.

ಪಾಸ್ಟರರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಧಾನ ಹಾಡಿದ್ರ ನಮಗ ನಿದ್ದಿ ಬರ್ತದ್ರಿ" ಅಂದು, ಅವನ ಎರಡೂ ಕೈಗೆ ಬಾಳೆಹಣ್ಣು ಕೊಟ್ಟರು.