ಹೊಳಪು ಹಚ್ಚಿದ ಕ್ರೋಟನ್

ಓದಿಗೆ ತಕ್ಕ ಕೆಲಸ ಸಿಗಲಿಲ್ಲವೆಂದು ಅವನು ಯಾರ ಮುಂದೆಯೂ ಗೋಳಾಡುತ್ತಿರಲಿಲ್ಲ; ಓದಿದ್ದೇ ಅಷ್ಟಕ್ಕಷ್ಟೆ. ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುತ್ತಿದ್ದ. ಓಣಿಯವರ ಬಾಯಲ್ಲೂ ಅವನು ‘ಪಾಲಿಶ್’. “ಊರಿನ ಕುರ್ಚಿಗೆಲ್ಲ ಹೊಳಪು ಕೊಡ್ತೀನಿ, ನನ್ನ ಬಾಳು ಒಂದು ಬಿಟ್ಟು” ಎಂದು ತಾನೇ ಮೊದಲು ಹೇಳಿಬಿಡುತ್ತಿದ್ದ, ಬೇರೆಯವರಿಗೆ ಆ ತೊಂದರೆ ಬೇಡವೆಂದು.

ಅಮ್ಮ ಹಾಸಿಗೆ ಹಿಡಿದ ಮೇಲೆ ಮನೆಯಲ್ಲಿ ಮಾತು ನಿಂತಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ನಾಲಿಗೆಗೇನೂ ಆಗಿರಲಿಲ್ಲ, ಆಡುವ ಮನಸ್ಸಿರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಕಿಟಕಿಯಾಚೆಯ ಕ್ರೋಟನ್ ನೋಡುತ್ತಾ ನಾಲ್ಕು ತುತ್ತು ತಿನ್ನುತ್ತಿದ್ದಳು, ಅಷ್ಟೇ. ಯಾವುದೋ ಕಚೇರಿಯ ಬೇಲಿಯಿಂದ ಹಿಂದೆ ಅವಳೇ ಕಡ್ಡಿ ಮುರಿದು ತಂದು ನೆಟ್ಟ ಗಿಡ. ಈಗ ಆಳೆತ್ತರ, ವರ್ಷವಿಡೀ ಕೆಂಪು, ಹಳದಿ, ಹಸಿರು. “ಇದಕ್ಕೆ ವಯಸ್ಸಾದಷ್ಟೂ ಬಣ್ಣ ಬರುತ್ತೆ ಕಣೋ. ನಮಗೆ ನರೆ ಬರುತ್ತೆ” ಎನ್ನುತ್ತಿದ್ದಳು, ಮಾತಿದ್ದ ಕಾಲದಲ್ಲಿ.

ಆ ಬೇಸಿಗೆಯಲ್ಲಿ ಎದುರಿನ ರಸ್ತೆ ಅಗೆದರು. ಗಿಡದ ಮೇಲೆ ಧೂಳು ಕೂತು ಬಣ್ಣವೆಲ್ಲ ಮಣ್ಣಾಯಿತು. ಅಮ್ಮ ತುತ್ತು ಬೇಡವೆಂದು ಮುಖ ತಿರುಗಿಸಿದಳು. ನೀರೆರಚಿದರೆ ಧೂಳು ಕೆಸರಾಗಿ ಅಂಟಿಕೊಂಡಿತು. ಆಗ ನಮ್ಮ ಪಾಲಿಶನಿಗೆ ತನ್ನ ವಿದ್ಯೆ ನೆನಪಾಯಿತು. ಶೆಡ್ಡಿನಿಂದ ಒಂದು ಡಬ್ಬಿ ಪಾಲಿಶ್ ತಂದು, ಹಳೆಯ ಬನಿಯನ್ ಚೂರಿನಲ್ಲಿ ಒಂದೊಂದೇ ಎಲೆಯನ್ನು, ಮೇಲೂ ಕೆಳಗೂ, ಕುರ್ಚಿಯ ಕೈ ಉಜ್ಜುವ ಹಾಗೆ ಉಜ್ಜಿದ.

ಅಮ್ಮನನ್ನು ನೋಡಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು. “ನಿನ್ನ ಮುಖಾನ ಯಾವತ್ತಾದ್ರೂ ಇಷ್ಟು ಉಜ್ಜಿಕೊಂಡಿದ್ದೀಯೇನೋ?”

“ಅದು ಹೊಳೆಯೋ ಜಾತಿ ಅಲ್ಲ ಕಣೇ ಅಕ್ಕ.”

ಮರುದಿನದ ಬಿಸಿಲಿಗೆ ಗಿಡ ಥಳಥಳ ಹೊಳೆಯಿತು. ಅಮ್ಮ ದಿಟ್ಟಿಸಿ ನೋಡಿ, “ಇದು ನಮ್ಮದೇನೋ?” ಎಂದಳು. ತಟ್ಟೆ ಖಾಲಿಯಾಯಿತು. ವೈದ್ಯರ ಕೈಲಾಗದ್ದು ತನ್ನ ಕೈಲಾಯಿತೆಂದು ಅವನು ಅಂದು ದಾರಿಯುದ್ದಕ್ಕೂ ನೆಲ ಬಿಟ್ಟು ನಡೆದ.

ವಾರದೊಳಗೆ ಎಲೆಗಳು ಮುದುಡಿ ಅಂಚು ಕಪ್ಪಾದವು. ಸೋಪಿನ ನೀರಿಗೆ ಪಾಲಿಶ್ ಜಗ್ಗಲಿಲ್ಲ. ಗಟ್ಟಿ ಹಿಡಿಯುವುದನ್ನೇ ಆರಿಸಿ ತಂದಿದ್ದ ಜಾಣ. ಹಚ್ಚಿದ್ದನ್ನು ಬಿಡಿಸಲು ಥಿನ್ನರ್ ಎಂಬುದೂ ಅವನ ವಿದ್ಯೆಯೇ. ಅದರಲ್ಲೂ ಒರೆಸಿದ. ಸೋರಿದ್ದು ಬುಡಕ್ಕಿಳಿಯಿತು. ಎಲೆಗಳೆಲ್ಲ ಉದುರಿದವು.

ಶೆಡ್ಡಿನ ಮೇಸ್ತ್ರಿಗೆ ಹೇಳಿದಾಗ ಆತ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. “ಲೋ, ಮರಕ್ಕೆ ಗಾಳಿ, ನೀರು ತಾಕಬಾರದು ಅಂತಲೇ ನಾವು ಪಾಲಿಶ್ ಹಚ್ಚೋದು. ಇಲ್ಲಿರೋದು ಸತ್ತ ಮರ ಕಣೋ. ನಿಮ್ಮನೇದು ಉಸಿರಾಡ್ತಿತ್ತು.”

ಮನೆಗೆ ಬಂದು ಉಗುರಿನಿಂದ ಕಾಂಡ ಕೆರೆದ. ಒಳಗೂ ಕಂದು. ಬುಡದ ತನಕ ಕೆರೆದ.

“ಬೇರೆ ಗಿಡ ತಂದಿಡು, ಅವಳಿಗೇನು ಗೊತ್ತಾಗುತ್ತೆ” ಎಂದಳು ಅಕ್ಕ.

“ಮಾತು ಬಿಟ್ಟಿದ್ದಾಳೆ, ನೋಡೋದು ಬಿಟ್ಟಿಲ್ಲವಲ್ಲೇ.”

ಬೆಳಿಗ್ಗೆ ಎಂದಿನಂತೆ ಕೂರಿಸಿದ. ಕಿಟಕಿಯಲ್ಲಿ ಬರಿಯ ಕಡ್ಡಿಗಳು. “ನಾನೇ ಕೊಂದೆ ಅಮ್ಮ.”

“ಗೊತ್ತು. ಒಳ್ಳೇದಕ್ಕೇ ಮಾಡಿದೆ. ದಿಂಬು ತೆಗಿ.”

“ಎರಡು ತುತ್ತು...”

“ಕೆಲಸಕ್ಕೆ ಹೊತ್ತಾಯ್ತು, ಹೋಗು.”

ಬೈದಿದ್ದರೆ ಅವನಿಗೆ ಉಸಿರು ಬರುತ್ತಿತ್ತು. ಚಮಚವನ್ನು ಅವಳ ತುಟಿಗೆ ತಾಗಿಸಿ ಹಿಡಿದ. ತುಟಿ ಬಿಚ್ಚಲಿಲ್ಲ. ಸಂಜೆಯೂ ಬಿಚ್ಚಲಿಲ್ಲ.