ನಾಲ್ಕು ಗಾಡಿಗೆ ಒಂದೇ ಹೆಸರು

ಸೆಲ್ವಿಯ ಪಟ್ಟಿಯಲ್ಲಿ ನೂರಾ ಎಂಬತ್ತೇಳು ಗಿರಾಕಿಗಳಿದ್ದರು. ಶುಕ್ರವಾರ ಮಧ್ಯಾಹ್ನಕ್ಕೆ ನೂರಾ ಎಂಬತ್ತಾರು ಹೆಸರುಗಳ ಮುಂದೆ ಹಸಿರು ಗುರುತು ಬಿದ್ದಿತ್ತು. ಉಳಿದದ್ದು ಒಂದೇ ಹೆಸರು. ಆ ಹೆಸರನ್ನು ಅವಳು ಮಂಗಳವಾರದಿಂದ ಕೆಳಕ್ಕೆ ಕೆಳಕ್ಕೆ ತಳ್ಳುತ್ತಲೇ ಬಂದಿದ್ದಳು. ಇನ್ನು ತಳ್ಳುವುದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಅವಳು ಹುಟ್ಟಿದ್ದು ಆಂಡರ್ಸನ್‌ಪೇಟೆಯ ಹತ್ತಿರದ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಯಲ್ಲಿ. ಅಪ್ಪ ಕುಪ್ಪುಸ್ವಾಮಿ ಭೂಮಿಯೊಳಗೆ ಇಳಿದು ದುಡಿದವನು. ಗಣಿ ಮುಚ್ಚಿದಾಗ ಸೆಲ್ವಿಗೆ ಹನ್ನೆರಡು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು, ಹದಿನೆಂಟಕ್ಕೆ ಬೆಳಗಿನ ರೈಲು ಹತ್ತಿದವಳು ಹನ್ನೆರಡು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರು ಹೊಲಿದಳು. ಕೊರೋನಾ ಬಂದು ಆ ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಸಿಕ್ಕಿದ್ದು ಈ ಕೆಲಸ. ಅಂಗಡಿಗಳಿಗೆ ಕ್ಯೂಆರ್ ಅಂಟಿಸುವುದು, ದುಡ್ಡು ಬಂದಾಗ ಕೂಗಿ ಹೇಳುವ ಪೆಟ್ಟಿಗೆ ಕೊಡುವುದು, ಕೆಟ್ಟರೆ ಬದಲಾಯಿಸುವುದು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಿಂದ ಬಂಗಾರಪೇಟೆಯ ಬಸ್ ನಿಲ್ದಾಣದವರೆಗೂ ಅವಳು ಕಾಲಿಡದ ಅಂಗಡಿ ಕಡಿಮೆ. ತಮಿಳಿನವರ ಹತ್ತಿರ ತಮಿಳು, ತೆಲುಗಿನವರ ಹತ್ತಿರ ತೆಲುಗು, ಉಳಿದವರ ಹತ್ತಿರ ಕನ್ನಡ. ನಾಲಿಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಗಂಡ ವೇಣು ಬಣ್ಣ ಬಳಿಯುವ ಕೆಲಸದವನು. ವಾರಕ್ಕೆ ಮೂರು ದಿನ ಕೆಲಸ ಸಿಕ್ಕಿದರೆ ಪುಣ್ಯ. ಮಗಳು ಲಿಖಿತಳನ್ನು ಜೂನಿಗೆ ಕಾಲೇಜು ಸೇರಿಸಬೇಕಿತ್ತು. ಮನೆ ನಿಂತಿದ್ದೇ ಸೆಲ್ವಿಯ ಸಂಬಳದ ಮೇಲೆ.

ಸೋಮವಾರ ಕಂಪನಿಯ ಟೀಮ್ ಲೀಡರ್ ಅಂಬರೀಶ್ ಎಲ್ಲರನ್ನೂ ರಾಬರ್ಟ್‌ಸನ್‌ಪೇಟೆಯ ಮಹಡಿ ಮೇಲಿನ ಆಫೀಸಿಗೆ ಕರೆಸಿದ್ದ. ಯಾರ ಪ್ಯಾನ್ ನಂಬರಿಗೆ ವರ್ಷವೆಲ್ಲ ಎಷ್ಟು ದುಡ್ಡು ಬಂದಿದೆಯೋ ಅದನ್ನು ಒಂದು ಫಾರಮ್ಮಿನಲ್ಲಿ ಬರೆದು ಕಂಪನಿ ಈ ವರ್ಷ ಮೊದಲ ಸಲ ತೆರಿಗೆ ಇಲಾಖೆಗೆ ಕೊಡಲಿದೆ. ಕೊಡುವ ಮೊದಲು ಪ್ರತಿ ಗಿರಾಕಿಗೂ ತೋರಿಸಿ, ಅವರ ಫೋನಿಗೆ ಬರುವ ನಾಲ್ಕಂಕಿ ನಂಬರು ಪಡೆದು, ಸರಿಯಿದೆ ಎಂದು ಗುರುತು ಹಾಕಿಸಬೇಕು. ತಪ್ಪಿದ್ದರೆ ಶನಿವಾರ ಸಂಜೆ ಆರರೊಳಗೆ ತಕರಾರು ಹಾಕಬೇಕು. ಆರು ದಾಟಿದರೆ ಫಾರಂ ಇದ್ದ ಹಾಗೇ ಹೋಗುತ್ತದೆ.

ಗಿರಾಕಿಗಳ ಫೋನಿಗೆ ಆಗಲೇ ಇಂಗ್ಲಿಷಿನ ಮೆಸೇಜು ಬಂದಾಗಿತ್ತು. ಅದರಲ್ಲಿ ಬಹಳ ಜನ ಓದಿಕೊಂಡದ್ದು ಒಂದೇ ಮಾತು, ನೋಟೀಸು. ಆ ಊರಿನಲ್ಲಿ ನೋಟೀಸು ಅಂದರೆ ಗಣಿಯ ಗೇಟಿಗೆ ಅಂಟಿಸಿದ್ದು, ಮನೆ ಖಾಲಿ ಮಾಡಿ ಅಂತ ಬಾಗಿಲಿಗೆ ಬಂದದ್ದು. ಒಳ್ಳೆಯ ಸುದ್ದಿ ಹೊತ್ತು ತಂದ ನೋಟೀಸನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಟೀ ಅಂಗಡಿಯ ಪೆರುಮಾಳ್ ಕ್ಯೂಆರ್ ಹಲಗೆಯನ್ನೇ ಗೋಡೆ ಕಡೆಗೆ ತಿರುಗಿಸಿಟ್ಟಿದ್ದ.

"ಮುಖ ತಿರುಗಿಸ್ಕೊಂಡು ಕೂತ್ರೆ ನಾವು ಅವ್ರಿಗೆ ಕಾಣ್ಸಲ್ಲ ಅಲ್ವಾ ಸೆಲ್ವಿ?" ಎಂದ.

"ಇದು ನೋಟೀಸಲ್ಲ ಅಣ್ಣಾ, ಲೆಕ್ಕದ ಚೀಟಿ. ನಿಮ್ಮದು ನಿಮ್ಮ ಹೆಸ್ರಲ್ಲಿದ್ರೆ ಯಾವ ಭಯಾನೂ ಇಲ್ಲ" ಎಂದಳು ಸೆಲ್ವಿ.

ನಾಲ್ಕು ದಿನ ಮೂರು ಭಾಷೆಯಲ್ಲಿ ಇದೇ ಮಾತನ್ನು ನೂರಾ ಎಂಬತ್ತಾರು ಸಲ ಹೇಳಿದಳು. ಹೇಳಿದ್ದು ಸುಳ್ಳಲ್ಲ. ಆದರೆ 'ನಿಮ್ಮ ಹೆಸ್ರಲ್ಲಿದ್ರೆ' ಎಂಬಲ್ಲಿಗೆ ಬಂದಾಗೆಲ್ಲ ಪಟ್ಟಿಯ ಕೊನೆಗೆ ತಳ್ಳಿದ್ದ ಹೆಸರು ನೆನಪಾಗುತ್ತಿತ್ತು.

ಉಳಿದಿದ್ದ ಆ ಹೆಸರು ಅಮ್ಮಾಜಮ್ಮನದು. ಬೇತಮಂಗಲದ ರಸ್ತೆಯ ಹಳ್ಳಿಯವಳು, ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ರೈಲಿನಲ್ಲಿ ಸೆಲ್ವಿಯ ಎದುರು ಸೀಟಿನಲ್ಲಿ ಕೂತು ಅದೇ ಕಾರ್ಖಾನೆಗೆ ದಾರ ಕತ್ತರಿಸುವ ಕೆಲಸಕ್ಕೆ ಬರುತ್ತಿದ್ದಳು. ಸೆಲ್ವಿ ಬಸುರಿಯಾಗಿದ್ದಾಗ ತನ್ನ ಡಬ್ಬಿಯ ಮುದ್ದೆಯನ್ನು ಮುರಿದು ಅರ್ಧ ಕೊಡುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಬಂಗಾರಪೇಟೆ ಬಸ್ ನಿಲ್ದಾಣದ ಎದುರು ಗಾಡಿ ಇಟ್ಟಳು. ಬೆಳಿಗ್ಗೆ ಇಡ್ಲಿ, ಸಂಜೆ ಬೋಂಡ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಕೊನೆಯಲ್ಲಿ, ಸೆಲ್ವಿಗೆ ಟಾರ್ಗೆಟ್ ಮುಟ್ಟಲು ಮೂರು ಪೆಟ್ಟಿಗೆ ಕಡಿಮೆ ಬಿದ್ದಿದ್ದವು. ಅಮ್ಮಾಜಮ್ಮನ ಸಾಲಿನಲ್ಲೇ ಇನ್ನು ಮೂರು ಗಾಡಿಗಳಿದ್ದವು. ಹಣ್ಣಿನ ಬಚ್ಚಪ್ಪನಿಗೆ ಪ್ಯಾನ್ ಕಾರ್ಡೇ ಇರಲಿಲ್ಲ. ಹೂವಿನ ಶಶಿರೇಖಳ ಖಾತೆಗೆ ದುಡ್ಡು ಬಿದ್ದರೆ ಗಂಡ ಸಂಜೆಗೇ ಬಳಿದುಕೊಂಡು ಹೋಗುತ್ತಿದ್ದ. ಕಬಾಬಿನ ಆಂಜಿನಪ್ಪನ ಖಾತೆಯ ಮೇಲೆ ಹಳೇ ಸಾಲವೊಂದು ಕೂತಿತ್ತು. ಮೂವರಿಗೂ ಪೆಟ್ಟಿಗೆ ಬೇಕಿತ್ತು, ಹೆಸರು ಇರಲಿಲ್ಲ. ಆಗ ಸೆಲ್ವಿಯ ತಲೆಗೆ ಒಂದು ಉಪಾಯ ಹೊಳೆಯಿತು. ದೊಡ್ಡ ಅಂಗಡಿಗಳಿಗೆ ನಾಲ್ಕೈದು ಕೌಂಟರ್ ಇರುತ್ತವಲ್ಲ, ಹಾಗೆ ನಾಲ್ಕೂ ಗಾಡಿಯನ್ನು ಅಮ್ಮಾಜಮ್ಮ ಟಿಫನ್ ಸೆಂಟರಿನ ನಾಲ್ಕು ಕೌಂಟರ್ ಅಂತ ಬರೆದುಬಿಟ್ಟಳು. ಮಹಿಳಾ ಸಂಘದ ಸಾಲಕ್ಕೆಂದು ಮಾಡಿಸಿದ್ದ ಪ್ಯಾನ್ ಕಾರ್ಡನ್ನು ಅಮ್ಮಾಜಮ್ಮ ಡಬ್ಬಿಯಿಂದ ತೆಗೆದುಕೊಟ್ಟು, ಕಾರ್ಡೇನು ಸವೆದುಹೋಗುತ್ತದಾ ಎಂದಿದ್ದಳು. ದುಡ್ಡೆಲ್ಲ ಅವಳ ಖಾತೆಗೆ ಬಂದು, ಕೌಂಟರ್‌ವಾರು ಲೆಕ್ಕದಂತೆ ಮಾರನೇ ದಿನ ಅವರವರ ಕೈ ಸೇರುತ್ತಿತ್ತು. ಎರಡು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾಗಿರಲಿಲ್ಲ.

ಈಗ ಫಾರಮ್ಮಿನಲ್ಲಿ ಅಮ್ಮಾಜಮ್ಮ ಒಬ್ಬಳ ಹೆಸರಿಗೆ ಇಪ್ಪತ್ತಮೂರು ಲಕ್ಷದ ನಲವತ್ತು ಸಾವಿರ ಕೂತಿತ್ತು. ಅವಳ ನಿಜವಾದ ವ್ಯಾಪಾರ ಅದರಲ್ಲಿ ಐದು ಲಕ್ಷದ ಇಪ್ಪತ್ತು ಸಾವಿರ. ಹಿಟ್ಟು, ಎಣ್ಣೆ, ಗ್ಯಾಸು ಕಳೆದರೆ ಕೈಗೆ ಉಳಿಯುವುದು ಎಷ್ಟೆಂದು ಗಾಡಿ ನೋಡಿದವರಿಗೆಲ್ಲ ಗೊತ್ತು. ಅವಳ ಬಿಪಿಎಲ್ ಕಾರ್ಡು, ವಿಧವಾ ವೇತನ ಎರಡೂ ಬಡವಿ ಎಂಬ ಆಧಾರದ ಮೇಲೆ ನಿಂತಿದ್ದವು. ಇಪ್ಪತ್ತಮೂರು ಲಕ್ಷದ ಬಡವಿಯನ್ನು ಯಾವ ಆಫೀಸಿನವರು ನಂಬುತ್ತಾರೆ?

ಶುಕ್ರವಾರ ಸಂಜೆ ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಹೊಸ್ತಿಲ ಮೇಲೆ ಕೂತಳು. ಅಪ್ಪ ಕೆಮ್ಮುತ್ತ ಹೊರಗೆ ಬಂದು ಏನೆಂದು ಕೇಳಿದ. ಇಡೀ ವಾರ ಬಾಯಿ ಬಿಡದವಳು ಅವನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಕುಪ್ಪುಸ್ವಾಮಿ ಬೈಯಲಿಲ್ಲ. ತಾನು ಗಣಿಯಲ್ಲಿದ್ದಾಗಿನ ಸಂಗತಿ ಎತ್ತಿದ. ಒಳಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆ ಕೊಟ್ಟು ಇಳಿಯಬೇಕು. ಒಮ್ಮೆ ಒಬ್ಬ ತನ್ನ ಜೊತೆಗಾರನ ಬಿಲ್ಲೆಯಲ್ಲಿ ಇಳಿದ. ಜ್ವರ ಬಂದು ಮಲಗಿದ್ದ ಜೊತೆಗಾರನಿಗೆ ಒಂದು ದಿನದ ಕೂಲಿ ತಪ್ಪದಿರಲಿ ಅಂತ, ಉಪಕಾರಕ್ಕೆ. ಅವತ್ತೇ ಒಳಗೆ ಕಲ್ಲು ಕುಸಿಯಿತು.

"ಮೇಲೆ ಬಿಲ್ಲೆ ನೋಡಿ ಜ್ವರದೋನ ಹೆಂಡ್ತಿಗೆ ಸುದ್ದಿ ಕೊಟ್ರು ಕಣಮ್ಮಾ. ಆಯಮ್ಮ ಗಂಡನ್ನ ಪಕ್ಕದಲ್ಲಿಟ್ಕೊಂಡೇ ಕಿರುಚಿಕೊಂಡ್ಳು. ನಿಜವಾಗಿ ಸಿಕ್ಕಾಕ್ಕೊಂಡಿದ್ದೋನ ಮನೇಲಿ ಅವತ್ತು ಸಾರು ಕುದೀತಿತ್ತು."

"ಆಮೇಲೆ ನೈನಾ?" ಎಂದು ಅಪ್ಪನನ್ನು ಕೇಳಿದಳು ಸೆಲ್ವಿ.

"ಒಳಗಿದ್ದೋನು ಬದುಕಿದ. ಜ್ವರದೋನೇ ಆಫೀಸಿಗೆ ಓಡ್ಬಂದು, ಒಳಗಿರೋದು ನಾನಲ್ಲ ಅಂದ. ಇಬ್ರಿಗೂ ಒಂದು ತಿಂಗಳು ಕೆಲಸ ಇಲ್ಲ ಅಂದ್ರು."

ಅಷ್ಟು ಹೇಳಿ ಮುದುಕ ಎದ್ದು ಒಳಗೆ ಹೋದ.

ಶನಿವಾರ ಬೆಳಗಿನ ವ್ಯಾಪಾರ ಮುಗಿಯುವ ಹೊತ್ತಿಗೆ ಸೆಲ್ವಿ ಬಂಗಾರಪೇಟೆಯಲ್ಲಿ ಬಸ್ಸಿಳಿದಳು. ಅಮ್ಮಾಜಮ್ಮ ಇಡ್ಲಿ ಪಾತ್ರೆ ಉಜ್ಜುತ್ತಿದ್ದಳು. ಸೆಲ್ವಿ ಸುತ್ತು ಬಳಸಲಿಲ್ಲ. ಫೋನು ತೆಗೆದು ಫಾರಂ ತೋರಿಸಿ, ಆವತ್ತು ತಾನು ಏನು ಬರೆದೆ, ಈಗ ಏನಾಗಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಅಮ್ಮಾಜಮ್ಮನ ಕೈ ಪಾತ್ರೆಯ ಮೇಲೇ ನಿಂತಿತು.

"ಅಕ್ಕಿ ನಿಲ್ಲುಸ್ತಾರಾ?" ಎಂದಳು.

"ಗೊತ್ತಿಲ್ಲ ಅಕ್ಕಾ."

"ಊರಿಗೆಲ್ಲ ಬುದ್ಧಿ ಯೇಳ್ಕೊಂಡು ತಿರುಗ್ತೀಯ. ನನ್ನತ್ರ ಬಂದಾಗ ಗೊತ್ತಿಲ್ವಾ?"

ಅಮ್ಮಾಜಮ್ಮ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಅದೇ ಸೆಲ್ವಿಯನ್ನು ಹೆಚ್ಚು ಹೆದರಿಸಿತು. ಸೆರಗಿಗೆ ಕೈ ಒರೆಸಿಕೊಂಡು ದಾರಿ ಏನಿದೆ ಎಂದು ಕೇಳಿದಳು. ಮೂವರೂ ಇಷ್ಟಿಷ್ಟು ವ್ಯಾಪಾರ ನಮ್ಮದೇ ಅಂತ ಕಾಗದಕ್ಕೆ ಸಹಿ ಹಾಕಿಕೊಟ್ಟರೆ ತಕರಾರಿನ ಜೊತೆ ಸೇರಿಸಬಹುದು ಎಂದಳು ಸೆಲ್ವಿ.

ಮಧ್ಯಾಹ್ನ ಮೂರಕ್ಕೆ ಗಾಡಿಗಳು ಒಂದೊಂದಾಗಿ ಬಂದು ನಿಂತವು. ತನ್ನ ಪಾಲಿಗೆ ಐದು ಲಕ್ಷದ ಅರವತ್ತು ಸಾವಿರ ಅಂತ ಕೇಳಿ ಬಚ್ಚಪ್ಪ ಬೆಪ್ಪಾಗಿ, ಅಷ್ಟು ದುಡ್ಡು ನನ್ನ ಕೈಯಲ್ಲಿ ಓಡಾಡಿತಾ, ಹಾಗಾದರೆ ನನಗ್ಯಾಕೆ ಕಾಣಿಸಲೇ ಇಲ್ಲ ಎಂದು ಎಲ್ಲರ ಮುಖ ನೋಡಿದ. ಆಮೇಲೆ ಹೆಬ್ಬೆಟ್ಟು ಒತ್ತಿದ. ಶಶಿರೇಖ ತನ್ನ ಮೂರು ಲಕ್ಷದ ಹತ್ತು ಸಾವಿರದ ಕಾಗದ ಗಂಡನ ಕಣ್ಣಿಗೆ ಬೀಳುತ್ತದಾ ಎಂದು ಎರಡು ಸಲ ಕೇಳಿ, ಬೀಳುವುದಿಲ್ಲ ಎಂದು ಸೆಲ್ವಿ ಹೇಳಿದ ಮೇಲೆ ಸಹಿ ಹಾಕಿದಳು. ಉಳಿದವನು ಆಂಜಿನಪ್ಪ. ಅವನದೇ ದೊಡ್ಡ ಪಾಲು, ಒಂಬತ್ತೂವರೆ ಲಕ್ಷ.

"ನಂದು ಅಂತ ಬರ್ಕೊಟ್ರೆ ಬ್ಯಾಂಕಿನೋರು ನಾಳೇನೇ ಬಂದು ಬಾಣಲೆ ಎತ್ಕೊಂಡೋಗ್ತಾರೆ. ನನ್ ಕೈಲಾಗಲ್ಲಮ್ಮಾ" ಎಂದ.

ಅಮ್ಮಾಜಮ್ಮ ಅವನ ಗಾಡಿಯ ಹತ್ತಿರ ಹೋಗಿ ನಿಂತಳು. "ಲೇ ಆಂಜಿ, ದುಡ್ಡು ಕಳ್ಸೋ ಗಿರಾಕಿ ಫೋನ್ ನೋಡಿ, ಅಮ್ಮಾಜಮ್ಮ ಅಂದ್ರೆ ಯಾರು ಅಂತ ಕೇಳ್ದಾಗ ನೀನು ಏನಂತಿದ್ದೆಲಾ?"

ಆಂಜಿನಪ್ಪ ಬಾಣಲೆಯ ಎಣ್ಣೆ ನೋಡಿದ. "ನಮ್ಮವ್ವ ಅಂತಿದ್ದೆ."

"ಎರಡು ವರ್ಸ ನಿಮ್ಮವ್ವ ಆಗಿದ್ದೆ. ದುಡ್ಡು ಬರೋವಾಗ ಅವ್ವ, ಲೆಕ್ಕ ಬರೋವಾಗ ಪಕ್ಕದ ಗಾಡಿಯೋಳಾ?"

ಅವನ ಮುಖ ಕಪ್ಪಿಟ್ಟಿತು. ಆದರೂ ಸಹಿ ಹಾಕಲಿಲ್ಲ. ಒಲೆ ಆರಿಸಿ, ಗಾಡಿ ತಳ್ಳಿಕೊಂಡು ರೈಲ್ವೆ ಗೇಟಿನ ಕಡೆ ಹೊರಟೇಹೋದ. ಶನಿವಾರದ ಕಬಾಬಿನ ವ್ಯಾಪಾರ ಬಿಟ್ಟು ಹೋಗಿದ್ದಾನೆ ಅಂದರೆ ಅವನ ಹೆದರಿಕೆಯೂ ಸಣ್ಣದಲ್ಲ ಎಂದು ಸೆಲ್ವಿಗೆ ಅನ್ನಿಸಿತು.

ಗಂಟೆ ಐದು ದಾಟಿತ್ತು. ಅವಳು ತಕರಾರಿನ ಪುಟ ತೆರೆದಳು. ಕಾರಣ ಏನು ಎಂಬಲ್ಲಿ ಎರಡೇ ಸಾಲುಗಳಿದ್ದವು. ಒಂದು, ಗಿರಾಕಿ ತಪ್ಪು ಮಾಹಿತಿ ಕೊಟ್ಟಿದ್ದಾರೆ. ಇನ್ನೊಂದು, ನೋಂದಣಿ ಮಾಡಿದ ಏಜೆಂಟರ ತಪ್ಪು. ಸೆಲ್ವಿ ಅಂಬರೀಶನಿಗೆ ಫೋನು ಮಾಡಿದಳು. ಮೊದಲನೆಯದನ್ನು ಒತ್ತಿದರೆ ಸಹಿ ಇರುವವರ ಪಾಲು ಮಾತ್ರ ಕಳೆಯುತ್ತದೆ, ಒಂಬತ್ತೂವರೆ ಲಕ್ಷ ಅಮ್ಮಾಜಮ್ಮನ ಮೇಲೇ ಉಳಿಯುತ್ತದೆ, ಸುಳ್ಳು ಹೇಳಿದವಳು ಅಂತ ಅವಳ ಹೆಸರಿಗೇ ಬೀಳುತ್ತದೆ ಎಂದ. ಎರಡನೆಯದಾದರೆ ಯಾರ ಸಹಿಯೂ ಬೇಡ. ಇಡೀ ಫಾರಮ್ಮನ್ನು ಕಂಪನಿಯೇ ತಡೆಹಿಡಿದು ವಿಚಾರಣೆ ಮಾಡಬೇಕು.

"ಆದ್ರೆ ಅಕ್ಕಾ, ಅದನ್ನ ಒತ್ತಿದ್ ಗಳಿಗೇನೇ ನಿಮ್ಮ ಐಡಿ ನಿಲ್ಲುತ್ತೆ, ಕೆಲಸಾನೂ ನಿಲ್ಲುತ್ತೆ. ನಾನೂ ಏನೂ ಮಾಡಕ್ಕಾಗಲ್ಲ. ಮೊದಲ್ನೇದು ಒತ್ತಿ, ಆಯಮ್ಮಂದು ಆಮೇಲೆ ನೋಡ್ಕೊಳ್ಳಾಣ" ಎಂದ ಅಂಬರೀಶ್. ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ.

ಆಮೇಲೆ ಅಂದರೆ ಯಾವಾಗ ಎಂದು ಸೆಲ್ವಿ ಕೇಳಲಿಲ್ಲ. ಲಿಖಿತಳ ಫೀಸು, ಮನೆ ಬಾಡಿಗೆ, ಅಪ್ಪನ ಕೆಮ್ಮಿನ ಔಷಧಿ ಸಾಲಾಗಿ ಕಣ್ಣ ಮುಂದೆ ಬಂದವು. ಆದರೂ ಎರಡನೆಯ ಸಾಲನ್ನೇ ಒತ್ತಿದಳು. ಅಮ್ಮಾಜಮ್ಮನ ಫೋನು ಟಿಂಗ್ ಎಂದಿತು.

"ನಂಬರು ಬಂತಾ ಅಕ್ಕಾ? ಓದು."

ಅಮ್ಮಾಜಮ್ಮ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡಳು. "ಆವತ್ತೂ ಇಂಗೇ ನಂಬರು ಕೇಳ್ದೆ. ಈ ಸಲ ಎಲ್ಲಿಗೆ ಬರೀತೀಯ?"

ಸೆಲ್ವಿ ತನ್ನ ಫೋನನ್ನು ಅವಳ ಮುಂದೆ ಹಿಡಿದು ಎರಡೂ ಸಾಲುಗಳನ್ನು ನಿಧಾನವಾಗಿ ಓದಿ ಹೇಳಿದಳು. ಯಾವುದನ್ನು ಒತ್ತಿದ್ದೇನೆಂದು ಬೆರಳಿಟ್ಟು ತೋರಿಸಿದಳು. ಅಂಬರೀಶ್ ಹೇಳಿದ್ದನ್ನೂ ಮುಚ್ಚಿಡಲಿಲ್ಲ.

ಅಮ್ಮಾಜಮ್ಮ ಫೋನನ್ನು ಕಣ್ಣಿಗೆ ದೂರ ಹಿಡಿದು, "ಏಳು," ಎಂದಳು. "ಸೊನ್ನೆ. ಎರಡು. ಏಳು."

ಐದು ಗಂಟೆ ನಲವತ್ತು ನಿಮಿಷಕ್ಕೆ ಫಾರಮ್ಮಿನ ಮೇಲೆ 'ತಡೆಹಿಡಿಯಲಾಗಿದೆ' ಎಂಬ ಮಾತು ಮೂಡಿತು. ಮರುಗಳಿಗೆಯಲ್ಲೇ ಸೆಲ್ವಿಯ ಪಟ್ಟಿ, ನೂರಾ ಎಂಬತ್ತಾರು ಹಸಿರು ಗುರುತುಗಳ ಸಮೇತ, ಪರದೆಯಿಂದ ಅಳಿಸಿಹೋಯಿತು.

"ತಡೆದವ್ರೆ ಅಂದ್ರೆ? ಬಿಟ್ಟವ್ರಾ, ಇಡ್ಕೊಂಡವ್ರಾ?" ಎಂದಳು ಅಮ್ಮಾಜಮ್ಮ.

"ವಿಚಾರಣೆ ಮುಗಿಯಕ್ಕೆ ಒಂದು ತಿಂಗಳು ಬೇಕಂತೆ ಅಕ್ಕಾ. ಅಲ್ಲೀವರೆಗೂ ಇಲಾಖೆಗೆ ಓಗಲ್ಲ. ಆಮೇಲಿಂದು ನಂಗೂ ಗೊತ್ತಿಲ್ಲ. ಯಾವ ಆಫೀಸಿಗೆ ಕರುದ್ರೂ ನಿನ್ ಜೊತೆ ನಾನು ಬತ್ತೀನಿ."

ಬೋಂಡಕ್ಕೆ ಕಲಸಿದ ಹಿಟ್ಟು ಆಗಲೇ ಹುಳಿ ಬರುತ್ತಿತ್ತು. ಅಮ್ಮಾಜಮ್ಮ ಒಲೆ ಹಚ್ಚಿದಳು. ಕೋಲಾರದ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು ಎರಡು ಬೋಂಡ ತೆಗೆದುಕೊಂಡು ಕ್ಯೂಆರ್ ಹಲಗೆಗೆ ಫೋನು ಹಿಡಿದಳು. ದುಡ್ಡು ಹೋಗಲಿಲ್ಲ, ತಡೆಹಿಡಿದ ಫಾರಮ್ಮಿನ ಜೊತೆಗೆ ಆ ಹೆಸರಿನ ನಾಲ್ಕೂ ಗಾಡಿಯ ಪೆಟ್ಟಿಗೆಗಳು ನಿಂತುಹೋಗಿದ್ದವು. ಹುಡುಗಿ ಪರ್ಸು ತಡಕಿ ನೂರರ ನೋಟು ಚಾಚಿದಳು. ಅಮ್ಮಾಜಮ್ಮನ ಡಬ್ಬಿಯಲ್ಲಿ ಚಿಲ್ಲರೆ ಇರಲಿಲ್ಲ. ಎರಡು ವರ್ಷದಿಂದ ಅದರ ಅಭ್ಯಾಸವೇ ತಪ್ಪಿತ್ತು.

"ನೋಡ್ತಾ ನಿಂತ್ಕೋಬೇಡ," ಎಂದಳು ಸೆಲ್ವಿಯ ಕಡೆ ತಿರುಗದೆ. "ಓಗಿ ಬಚ್ಚಪ್ಪನತ್ರ ಚಿಲ್ಲರೆ ಇಸ್ಕೊಂಡ್ ಬಾ."

ಸೆಲ್ವಿ ನೋಟು ಹಿಡಿದುಕೊಂಡು ಹಣ್ಣಿನ ಗಾಡಿಯ ಕಡೆ ಓಡಿದಳು.