ಅಗಸಿಯಲ್ಲಿ ಸೈಕಲ್ ಇಳಿಯುತ್ತಿದ್ದವರು

ಇವತ್ತು ಮಾಡಿದ ಕೆಲಸಗಳು: ಹಾಲು ಕಾಸಿ ಹೆಪ್ಪು ಹಾಕಿದೆ. ಖಾಲಿ ಗಾಜಿನ ಬಾಟಲಿಗಳನ್ನು ಬೀದಿ ಕೊನೆಯ ಡಬ್ಬಿಗೆ ಹಾಕಿ ಬಂದೆ. ಮೆಟ್ಟಿಲು ಒರೆಸುವ ಪಾಳಿ ಈ ವಾರ ನಮ್ಮದು, ಒರೆಸಿದೆ. ಮಗಳ ಮಳೆಕೋಟಿನ ಜಿಪ್ ಹೊಲಿದೆ. ಜೋಳದ ಹಿಟ್ಟು ಸಾಣಿಸಿ ಇಟ್ಟೆ. ಮಧ್ಯಾಹ್ನ ಕೆಲರಿಗೆ, ಅಂದರೆ ಕಟ್ಟಡದ ನೆಲಮಾಳಿಗೆಗೆ ಇಳಿದು, ಚಾಚಾ ಅವರ ಸಾಮಾನಿನ ಗೂಡಿನಿಂದ ಅವರ ಸೈಕಲ್ಲನ್ನು ತೆಗೆದು ನಮ್ಮ ಗೂಡಿನಲ್ಲಿ ತಂದಿಟ್ಟೆ. ತಿಂಗಳ ಕೊನೆಗೆ ಅವರ ಗೂಡು ಖಾಲಿಯಾಗಬೇಕಂತೆ, ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ.

ಆ ಸೈಕಲ್ಲಿನ ಎಡ ಹಿಡಿಕೆಯ ರಬ್ಬರು ಹೆಬ್ಬೆರಳಿನ ಆಕಾರಕ್ಕೆ ತಗ್ಗು ಬಿದ್ದಿದೆ. ಬಲದ್ದು ಇನ್ನೂ ಹೊಸದರ ಹಾಗಿದೆ. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟು ಹಿಡಿದು ಅದನ್ನು ನಡೆಸಿಕೊಂಡು ಹೋದದ್ದೇ ಹೆಚ್ಚು, ಅದಕ್ಕೆ.

ಚಾಚಾ ನಮ್ಮ ಮೇಲಿನ ಮನೆಯವರು. ವಿಜಾಪುರದ ಕಡೆಯ ಹಳ್ಳಿಯಿಂದ ಹರೆಯದಲ್ಲಿ ಜರ್ಮನಿಯ ಆಖೆನ್ನಿಗೆ ಓದಲು ಬಂದು, ಇಲ್ಲೇ ಇಂಜಿನಿಯರ್ ಆಗಿ, ಇಲ್ಲೇ ನಿವೃತ್ತರಾದವರು. ನಾವು ಈ ಮನೆಗೆ ಬರುವಷ್ಟರಲ್ಲಿ ಚಾಚಿ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ನಾವು ಸಾಮಾನು ಇಳಿಸುತ್ತಿದ್ದ ದಿನ ಮೆಟ್ಟಿಲ ಮೇಲೆ ನಾನು ಯಜಮಾನರನ್ನು ಗದರುತ್ತಿದ್ದೆ. ಮೇಲಿನಿಂದ ಒಂದು ದನಿ ಬಂತು: “ಯಾ ಊರವಾ? ಬಯ್ಯೋ ಧಾಟಿ ನಮ್ಮ ಕಡೇದು ಐತಿ!”

“ಬಾಗಲಕೋಟೆ ರೀ,” ಎಂದೆ ನಾಚಿಕೊಂಡು.

“ಹಂಗಾರ ಬಯ್ಯಿ, ಬಯ್ಯಿ. ಭಾಳ ದಿನ ಆಗಿತ್ತು ಕೇಳಿ.”

ನಲವತ್ತೆರಡನೆಯ ವಯಸ್ಸಿಗೆ ನನಗೆ ಸೈಕಲ್ ಕಲಿಸಿದವರು ಅವರು. ಕಲಿತ ಮೇಲೆ ವಸಂತಕ್ಕೊಮ್ಮೆ, ಎಲೆ ಉದುರುವ ಕಾಲಕ್ಕೊಮ್ಮೆ, ಸೈಕಲ್ಲುಗಳನ್ನು ತಮ್ಮ ಕಾರಿನ ಬೆನ್ನಿಗೆ ಕಟ್ಟಿ, ಬೆಲ್ಜಿಯಂ ದಾಟಿಸಿ, ಫ್ರಾನ್ಸಿನ ಹಳ್ಳಿಗಳಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ನನಗೆ ಫ್ರೆಂಚ್ ಬಾರದು. ಹಳೆಯ ಗೋಡೆಗೆ ಹೊಡೆದ ಒಂದೊಂದು ಫಲಕವನ್ನೂ ಅವರೇ ಓದಿ, ನಮ್ಮ ಮಾತಿಗೆ ತಿರುಗಿಸಿ ಹೇಳಬೇಕು. ನೀರಿನ ತೊಟ್ಟಿಯ ಸುತ್ತ ಹಂಚಿನ ಮಾಡು ಇರುವ ಕಟ್ಟಡ ಕಂಡರೆ, “ಇದು ಊರ ಹೆಣ್ಮಕ್ಕಳು ಅರಬಿ ಒಗೀತಿದ್ದ ಜಾಗಾ. ಊರ ಸುದ್ದಿ ಎಲ್ಲಾ ಇಲ್ಲೇ ಒಗದು ಹಿಂಡತಿದ್ರು ನೋಡು,” ಎನ್ನುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಹಳ್ಳಿಯ ಹೆಸರಿನ ಫಲಕ ಬಂದ ಕೂಡಲೇ ಸೈಕಲ್ ಇಳಿಯಬೇಕು. ಇಳಿಜಾರಿರಲಿ, ಮಳೆ ಇರಲಿ, “ಅಗಸಿ ಬಂತು, ಇಳೀರಿ!” ನಮ್ಮೂರುಗಳಿಗೆ ಕಲ್ಲಿನ ಅಗಸಿ, ಊರಬಾಗಿಲು ಇರುತ್ತದಲ್ಲ, ಅವರ ತಂದೆ ಅದರೊಳಗೆ ಎಂದೂ ಸೈಕಲ್ ಮೇಲೆ ಕೂತು ಹೋದವರಲ್ಲವಂತೆ. “ಊರು ದೊಡ್ಡದು, ನಾವು ಸಣ್ಣವ್ರು. ಅದು ನಮ್ಮೂರ ಆಗಿರಲಿ, ಇನ್ನೊಬ್ಬರ ಊರ ಆಗಿರಲಿ.” ಹಿಂದೆ ಜೋರಾಗಿ ಬರುತ್ತಿದ್ದ ಫ್ರೆಂಚ್ ಸೈಕಲ್ ಸವಾರರು ಬ್ರೇಕ್ ಹಾಕಿ ಏನೇನೋ ಬೈದರೆ ಚಾಚಾ ಹಣೆಗೆ ಕೈ ಒಯ್ದು ಸಲಾಂ ಹೇಳಿ ನಡೆದುಬಿಡುತ್ತಿದ್ದರು.

ನಾನೊಮ್ಮೆ ಹೆಸರಿನ ಮೇಲೆ ಕೆಂಪು ಗೀಟು ಎಳೆದ ಫಲಕ ಕಂಡು ಭಕ್ತಿಯಿಂದ ಇಳಿದುಬಿಟ್ಟೆ. ಚಾಚಾ ನಗುತ್ತಾ ಕೆಮ್ಮಿದರು. “ಅದು ಊರ ಮುಗೀತು ಅಂತ ಹೇಳೂ ಬೋರ್ಡವಾ! ಹತ್ತು, ಹತ್ತು.” ಆಮೇಲೆ ಬುತ್ತಿ ಬಿಚ್ಚುವಾಗಲೂ ಅದೇ ಚೇಷ್ಟೆ. ಅವರು ಉದ್ದನೆಯ ಫ್ರೆಂಚ್ ರೊಟ್ಟಿಯನ್ನು ಸೀಳಿ, ನಡುವೆ ನನ್ನ ಶೇಂಗಾ ಚಟ್ನಿ ತುಂಬಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

ಅವರು ಪದೇಪದೇ ಹೇಳುತ್ತಿದ್ದ ಒಂದು ಊರಿತ್ತು. ಮ್ಯೂಸ್ ನದಿಯ ಮೇಲಿನ ಗುಡ್ಡದ ಹಳ್ಳಿ. ಮದುವೆಯಾದ ವರ್ಷ ಚಾಚಿಯ ಜೊತೆ ಬಾಡಿಗೆ ಸೈಕಲ್ ತಗೊಂಡು ಹೋಗಿದ್ದರಂತೆ. “ಗುಡ್ಡದ ತುದಿಗೆ ಮೊಣಕಾಲೆತ್ತರದ ಗ್ವಾಡಿ ಐತಿ. ಅಲ್ಲಿ ನಿಂತು ನೋಡಿದರ ಹೊಳಿ ಕೆಳಗಿನ ಊರನ್ನ ಒಡ್ಯಾಣ ಕಟ್ಟಿದಂಗ ಸುತ್ತೇತಿ.” ಚಾಚಿ ಹೋದ ಮೇಲೆ ಅವರು ಆ ಊರಿಗೆ ಹೋಗಿರಲಿಲ್ಲ.

ಕಣ್ಣಿನ ಡಾಕ್ಟರು ನೋಟದ ನಡುಭಾಗ ಹೋಗುತ್ತಿದೆ, ಕಾರು ಓಡಿಸಬೇಡಿ ಎಂದ ದಿನ ಚಾಚಾ ಕೆಳಗೆ ಬಂದು ನಮ್ಮ ಅಡಿಗೆಮನೆಯಲ್ಲಿ ಕೂತರು. “ಪೂರ್ತಿ ಹೋಗೂದರಾಗ ಆ ಗುಡ್ಡಕ್ಕ ಒಂದ ಸಲ ಕರಕೊಂಡು ಹೋಗ್ತೀಯೇನವಾ?” ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನಿಂದ ಕೇಳಿದ್ದು ಅದೊಂದೇ.

“ಅದೇನ್ ದೊಡ್ಡ ಮಾತ್ರೀ ಚಾಚಾ, ವಸಂತದಾಗ ಹೋಗೂಣು,” ಎಂದೆ.

ವಸಂತಕ್ಕೆ ಮಗಳ ಪರೀಕ್ಷೆ ಬಂತು. ಬೇಸಿಗೆಗೆ ಯಜಮಾನರಿಗೆ ರಜೆ ಸಿಗಲಿಲ್ಲ. ಆಮೇಲೆ ನನ್ನ ಮೊಣಕಾಲು. ಮುಂದಿನ ವಸಂತಕ್ಕೆ ಊರಿಗೆ ಹೋಗಿಬಂದೆವು. ಕೆಲವು ಶನಿವಾರಗಳಿಗೆ ಕಾರಣವೇ ಇರಲಿಲ್ಲ, ಸುಮ್ಮನೆ ಬೇಸರ. ಚಾಚಾ ಪ್ರತಿ ಸಲವೂ, “ಆತವಾ, ಊರೇನು ಓಡಿ ಹೊಕ್ಕೈತೇನು,” ಎನ್ನುತ್ತಿದ್ದರು. ಊರು ಓಡಿಹೋಗಲಿಲ್ಲ.

ಕೊನೆಗೆ ಹೋದದ್ದು ಹೋದ ಅಕ್ಟೋಬರದಲ್ಲಿ. ಯಜಮಾನರು ಕಾರು ಓಡಿಸಿದರು. ಸೈಕಲ್ ಬೇಕೇ ಬೇಕು ಎಂದು ಚಾಚಾ ಹಟ ಹಿಡಿದರು, ತಂದೆವು. ಹೆಸರಿನ ಫಲಕದ ಹತ್ತಿರ ಕಾರು ನಿಲ್ಲಿಸಿ, “ಅಗಸಿ ಬಂತ್ರೀ ಚಾಚಾ,” ಎಂದೆ. ಇಳಿದು, ತಡವರಿಸಿ ಫಲಕದ ಕಂಬವನ್ನು ಮುಟ್ಟಿದರು. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟು. ಸೈಕಲ್ಲನ್ನೇ ಕೋಲು ಮಾಡಿಕೊಂಡು ಆ ಗುಡ್ಡದ ದಾರಿಯನ್ನು ಹತ್ತಿದರು. ತಿರುವುಗಳು ಅವರಿಗೆ ನೆನಪಿದ್ದವು.

ಗೋಡೆ ಸಿಕ್ಕಿತು, ಮೊಣಕಾಲೆತ್ತರದ್ದೇ. ಅದಕ್ಕೆ ಕಾಲು ತಾಗಿಸಿ ನಿಂತು, ಟೊಪ್ಪಿಗೆ ತೆಗೆದು ಹೇಳಿದರು:

“ಹಾಂ. ನನಗ ಅಂಚಷ್ಟ ಕಾಣ್ತಾವು, ನಡುವ ಎಲ್ಲಾ ಬೂದಿ. ಈಗ ನೀ ಹೇಳವಾ, ಏನೇನ ಕಾಣ್ತೈತಿ?”

ಎಲ್ಲವೂ ಕಾಣುತ್ತಿತ್ತು. ಅಷ್ಟು ನಿಚ್ಚಳವಾದ ದಿನವನ್ನು ನಾನು ಈ ದೇಶಗಳಲ್ಲಿ ಕಂಡದ್ದೇ ಕಡಿಮೆ. ಆದರೂ ನನ್ನ ಬಾಯಿಂದ ಬಂದದ್ದು:

“ಮಂಜ ಐತ್ರೀ ಚಾಚಾ. ಪೂರ್ತಿ ಮಂಜು. ನನಗೂ ಏನೂ ಕಾಣವಲ್ದು.”

ಅವರಿಗೆ ನೋವಾಗದಿರಲಿ ಎಂದು ಹಾಗೆ ಹೇಳಿದೆ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದಷ್ಟೇ ಅಲ್ಲ. ಮಂಜು ಎಂದರೆ ತಪ್ಪು ಹವೆಯದಾಗುತ್ತಿತ್ತು. ಎರಡು ವಸಂತ ಮುಂದೂಡಿದವಳ ತಪ್ಪು ಅದರಲ್ಲಿ ಮುಚ್ಚಿಹೋಗುತ್ತಿತ್ತು.

ಚಾಚಾ ಮುಖವನ್ನು ಸ್ವಲ್ಪ ಮೇಲೆತ್ತಿದರು. ಬಯ್ಯದೆ, ಮೆಲ್ಲಗೆ ಕೇಳಿದರು: “ಬಿಸಲು ಮಾರಿಗೆ ಬಡ್ಯಾಕತ್ತೈತಿ. ಮಂಜು ಎಲ್ಲಿಂದ ಬಂತವಾ?”

ನಾನು ಹೊಳೆಯಿಂದ ಕಣ್ಣು ತೆಗೆದೆ. ಪಕ್ಕದಲ್ಲಿದ್ದ ಯಜಮಾನರು ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಚಾಚಾ ಟೊಪ್ಪಿಗೆ ಹಾಕಿಕೊಂಡು ಸೈಕಲ್ ತಿರುಗಿಸಿದರು. ಕೆಂಪು ಗೀಟಿನ ಫಲಕದ ಹತ್ತಿರ ನಾನು ಅವರ ತೋಳು ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ, ಆದರೆ ಹತ್ತು, ಹತ್ತು ಎಂದು ನಗಲೂ ಇಲ್ಲ.

ಆಮೇಲೂ ಅವರು ಎಂದಿನಂತೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಒಂದೇ ವ್ಯತ್ಯಾಸ. ಅವರಿಗೆ ಬಂದ ಕಾಗದ ನಾನು ಓದಿ ಹೇಳಿದರೆ, “ಖರೇನ?” ಎನ್ನುತ್ತಿದ್ದರು. ಹೊರಗೆ ಮೋಡ ಐತ್ರೀ ಎಂದರೆ ಕಿಟಕಿ ತೆರೆದು ಕೈ ಹೊರಗೆ ಚಾಚಿ ನೋಡುತ್ತಿದ್ದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಿದ್ದೆ. ಹತ್ತು ವರ್ಷ ಅವರು ಓದಿ ಹೇಳಿದ ಒಂದು ಫಲಕವನ್ನೂ ನಾನು ಖರೇನಾ ಎಂದು ಕೇಳಿದವಳಲ್ಲ.

ಜನವರಿಯಲ್ಲಿ ಆಸ್ಪತ್ರೆ ಸೇರಿದರು, ನ್ಯುಮೋನಿಯಾ. ನಾನು ಗಂಜಿ ಒಯ್ದ ದಿನ ಅವರಿಗೆ ಎಚ್ಚರವಿರಲಿಲ್ಲ. ಮಂಚದ ಪಕ್ಕ ಕೂತು, ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನರ್ಸ್ ಬಂದಳು, ಎದ್ದು ಜಾಗ ಕೊಟ್ಟೆ. ಮರುದಿನ ಹೇಳಿದರಾಯಿತು ಎಂದುಕೊಂಡೆ. ಆಗಲೂ ಮುಂದೂಡಿದೆ. ಮರುದಿನ ಬೆಳಿಗ್ಗೆ ಫೋನ್ ಬಂತು.

ಇವತ್ತು ಕೆಲರಿನಲ್ಲಿ ಸೈಕಲ್ಲಿನ ಎಡ ಹಿಡಿಕೆಯ ತಗ್ಗಿನಲ್ಲಿ ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಹೊಂದಲಿಲ್ಲ, ಅವರದು ದೊಡ್ಡದು. ಅಲ್ಲೇ ನಿಂತು ಹೇಳಿದೆ. ಹೊಳಿ ಹಸಿರು ಐತ್ರೀ ಚಾಚಾ, ನೀವು ಅಂದಂಗ ಒಡ್ಯಾಣನ. ನಡುವ ಕಪ್ಪು ಹಂಚಿನ ಮನಿಗಳು ಇಪ್ಪತ್ತು ಇರಬೇಕು. ಒಂದರ ಮುಂದ ಬಿಳೇ ಚಾದರ ಒಣಹಾಕ್ಯಾರ. ಹೊಳಿ ದಂಡಿ ಮ್ಯಾಲ ಇಬ್ಬರು ಸೈಕಲ್ ಹಿಡಕೊಂಡು ನಡದಾರ, ಹತ್ತಿಲ್ಲ. ಖರೇರೀ. ಕೇಳಲು ಅಲ್ಲಿ ಬಾಯ್ಲರಿನ ಗುಂಯ್ ಸದ್ದೊಂದೇ ಇತ್ತು.

ಊಟಕ್ಕೆ ಕೂತಾಗ ಯಜಮಾನರಿಗೆ ಇದನ್ನು ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, “ನನಗೂ ಕಾಣತಿತ್ತು ಎಲ್ಲಾ,” ಎಂದರು. “ನಾನರ ಹೇಳಬೇಕಿತ್ತು.” ಮತ್ತೆ ಮುರಿದರು.

ರಾತ್ರಿಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಚಟ್ನಿ ಉಳಿಯಿತು. ಮಗಳು ಮೊದಲು ಮಲಗಿದಳು, ಆಮೇಲೆ ಯಜಮಾನರು.